ಮಲಗಬೇಡಿ ಅಂದರೆ

ಉಕ್ಕಿನ ಪೈಪುಗಳ ಆ ಗೋದಾಮಿನಲ್ಲಿ ಅವನನ್ನು ಎಲ್ಲರೂ ಮೇಲಿನವನು ಎಂದೇ ಕರೆಯುತ್ತಿದ್ದರು. ಛಾವಣಿಗೆ ತಾಗಿದಂತೆ ಹಳಿಯ ಮೇಲೆ ಓಡಾಡುವ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು, ಕೆಳಗಿನವರ ತಲೆಯ ಮೇಲಿಂದ ಟನ್ನುಗಟ್ಟಲೆ ಉಕ್ಕನ್ನು ಆಚೀಚೆ ಸಾಗಿಸುವವನಿಗೆ ಬೇರೆ ಯಾವ ಹೆಸರು ಒಪ್ಪೀತು? ಸರಕು ತುಂಬುವುದು ತಡವಾದರೆ ಲಾರಿಯವರು, "ನಮ್ಮ ಕೈಲೇನಿದೆ, ಮೇಲಿನೋನು ಮನಸ್ಸು ಮಾಡ್ಬೇಕು" ಎಂದು ಬೀಡಿ ಹಚ್ಚುತ್ತಿದ್ದರು. ಈ ತಮಾಷೆ ಅವನಿಗೂ ಹಿತವಾಗಿಯೇ ಇತ್ತು. ಯೌವನವೆಲ್ಲ ಕಳೆದದ್ದು ಆ ಗೂಡಿನಲ್ಲೇ. ನೆಲದ ಮೇಲೆ ಅವನಿಗೆ ಅಂಥ ಬೆಲೆಯೇನೂ ಇರಲಿಲ್ಲ.

ಆ ಮೇಲಿನವನು ಒಂದು ಬೆಳಿಗ್ಗೆ, ಕೊಕ್ಕೆಯಲ್ಲಿ ಪೈಪಿನ ಕಟ್ಟು ತೂಗುತ್ತಿರುವಾಗಲೇ ತೂಕಡಿಸಿಬಿಟ್ಟ.

ಎಷ್ಟು ಹೊತ್ತು ಎಂದು ಅವನಿಗೇ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಟ್ಟು ತಾನು ನಿಲ್ಲಬೇಕಾದ ಜಾಗ ದಾಟಿ ಗೋಡೆಯ ಕಡೆ ಹೊರಟಿತ್ತು. ಕೆಳಗೆ ಸೀಟಿಯೊಂದು ಪ್ರಾಣ ಹೋಗುವಂತೆ ಅರಚುತ್ತಿತ್ತು. ಊದುತ್ತಿದ್ದವನು ಅವನ ಭಾವಮೈದುನ. ನೆಲದಲ್ಲಿ ನಿಂತು ಕೈಸನ್ನೆ, ಸೀಟಿಗಳಿಂದ ಕ್ರೇನಿಗೆ ದಾರಿ ತೋರಿಸುವುದು ಅವನ ಕೆಲಸ. ಮೇಲಿನವನು ಹಿಡಿಕೆ ಎಳೆದ. ಗೋಡೆಗೆ ಒಂದು ಮೊಳ ಇರುವಾಗ ಕಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಇಳಿದು ಬಂದಾಗ ಮ್ಯಾನೇಜರಮ್ಮ ಏಣಿಯ ಬುಡದಲ್ಲೇ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ರಾತ್ರಿ ನಿದ್ದೆ ಮಾಡ್ತಿಲ್ಲ ಅಲ್ವಾ ನೀವು?"

"ಮಾಡ್ತೀನಿ ಮೇಡಂ, ಅದು ಸುಮ್ನೆ ಒಂದು..."

"ಕೀ ಕೊಡಿ."

ಅವನು ಕೊಟ್ಟ. "ನಿದ್ದೆ ಸರಿಯಾದ ಮೇಲೆ ಬನ್ನಿ, ನಾನೇ ನಿಂತು ಹತ್ತಿಸ್ತೀನಿ" ಎಂದಳು. "ಆದ್ರೆ ತುಂಬಾ ದಿನ ಕಾಯೋಕಾಗಲ್ಲ. ಹೊಸಬನ್ನ ಹುಡುಕಿ ಅಂತ ಮಾಲೀಕರು ಆಗ್ಲೇ ಹೇಳಿದಾರೆ. ಎರಡು ತಿಂಗಳು ಹೇಗೋ ತಡೀತೀನಿ."

ಮರುದಿನದಿಂದ ಅವನು ಗೇಟಿನಲ್ಲಿ ಕೂತು ಲಾರಿಯವರಿಗೆ ಚೀಟಿ ಹರಿದು ಕೊಡತೊಡಗಿದ. "ಮೇಲಿನೋನೇ ಕೆಳಗೆ ಬಂದು ಕೂತಿದಾನೆ, ಇನ್ನು ಲೋಕ ಉಳಿದ ಹಾಗೇ" ಎಂದು ಒಬ್ಬ ಡ್ರೈವರ್ ನಕ್ಕ. ಅವನಿಗೆ ನಗು ಬರಲಿಲ್ಲ.

ನಿದ್ದೆ ಕೆಟ್ಟದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು. ರೇಡಿಯೇಷನ್ ಮುಗಿದಿತ್ತು. ಗಂಡಸಿನ ಹಾರ್ಮೋನನ್ನು ಅಡಗಿಸುವ ಇಂಜೆಕ್ಷನ್ ಮಾತ್ರ ನಡೆಯುತ್ತಿತ್ತು. ರಕ್ತಪರೀಕ್ಷೆಯ ಅಂಕಿ ನೆಲ ಕಚ್ಚಿದ್ದನ್ನು ನೋಡಿ ಡಾಕ್ಟರು, "ಕ್ಯಾನ್ಸರ್ ಮಲಗಿಬಿಟ್ಟಿದೆ ಕಣ್ರೀ, ಇನ್ನು ನೀವೂ ನೆಮ್ಮದಿಯಾಗಿ ಮಲಗಿ" ಎಂದು ಬೆನ್ನು ತಟ್ಟಿದ್ದರು. ಮಲಗುವುದೆಲ್ಲಿ ಬಂತು? ಕಣ್ಣು ಹತ್ತುವಷ್ಟರಲ್ಲಿ ಎದೆಯಿಂದ ಕಿವಿಯವರೆಗೆ ಬಿಸಿ ನುಗ್ಗುತ್ತಿತ್ತು, ಯಾರೋ ಬಾಯ್ಲರಿನ ಬಾಗಿಲು ತೆರೆದ ಹಾಗೆ. ಹೊದಿಕೆ ಒದ್ದೆ. ಒರೆಸಿಕೊಂಡು ಹೊರಳಿದರೆ ಮೂತ್ರಕ್ಕೆ ಅವಸರ. ಹೋಗಿ ಬಂದರೆ ಯೋಚನೆ. ಮುಟ್ಟುಗೋಲು ಹಾಕಿಕೊಂಡ ಸಾಮಾನಿನಂತೆ ಮೈಯಿಂದ ಒಂದೊಂದನ್ನೇ ಹೊರಗೆ ಸಾಗಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಹೆಂಡತಿಯ ಪಕ್ಕದಲ್ಲಿ ಗಂಡಸಾಗಿ ಮಲಗುವುದು ಆ ಸೂಜಿಯಿಂದ ಹೋಗಿತ್ತು. ನಿದ್ದೆಯನ್ನೂ ಅದೇ ಸೂಜಿ ಕೊಂದುಹಾಕಿದೆ, ಸತ್ತದ್ದು ಮತ್ತೆ ಬರುವುದಿಲ್ಲ ಎಂದು ಅವನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಿದ್ದೆ ಮಾತ್ರೆಯನ್ನೂ ನೋಡಿಯಾಗಿತ್ತು. ಮಾತ್ರೆಯ ಮಂಪರಿನಲ್ಲೇ ಬಚ್ಚಲಿಗೆ ಎದ್ದವನು ಜಾರಿ ಬೇಸಿನ್ನಿಗೆ ಹಣೆ ಒಡೆದುಕೊಂಡಿದ್ದ. ಮರುದಿನ ಮಧ್ಯಾಹ್ನದವರೆಗೆ ತಲೆಯೊಳಗೆ ಹತ್ತಿ ತುರುಕಿದಂತಿತ್ತು. ಅಂಥ ಮಾತ್ರೆ ನುಂಗುವವರನ್ನು ಕ್ರೇನಿಗೆ ಹತ್ತಿಸುವ ಹಾಗೂ ಇಲ್ಲ. ಅದು ಗೋದಾಮಿನ ನಿಯಮ.

ಉಳಿದದ್ದು ಹೆಂಡತಿಯ ಚಿಕಿತ್ಸೆ. ಅವಳು ಮನೆಯಲ್ಲೇ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವವಳು. ಗಂಡನಿಗೆ ವಿಶ್ರಾಂತಿ ಬೇಕೆಂದು ಸಂಜೆಯಾಗುತ್ತಲೇ ಮಶೀನಿಗೆ ಬಟ್ಟೆ ಮುಚ್ಚಿ, ಟೀವಿಯ ಬಾಯಿ ಮುಚ್ಚಿಸಿ, ಎಂಟು ಗಂಟೆಗೆ ಅವನನ್ನು ಹಾಸಿಗೆಗೆ ಸೇರಿಸುತ್ತಿದ್ದಳು. ಬೆಳಿಗ್ಗೆ ಏಳರವರೆಗೆ ಏಳಲು ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಕುರ್ಚಿ ಎಳೆದರೆ ಹೋಗಿ ಜಗಳವಾಡಿ ಬರುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಅವನ ಮುಖ ಹಿಂಡಿದ ಬಟ್ಟೆಯಂತಿರುತ್ತಿತ್ತು.

ಕೊನೆಗೆ ಕ್ಯಾನ್ಸರ್ ಡಾಕ್ಟರೇ ಅದೇ ಆಸ್ಪತ್ರೆಯ ಇನ್ನೊಂದು ಕೋಣೆಗೆ ಕಳಿಸಿದರು. ಮಾತ್ರೆಯಿಲ್ಲದೆ ನಿದ್ದೆ ಸರಿಪಡಿಸುವವಳು ಅಲ್ಲಿರುತ್ತಾಳೆ ಎಂದರು. ರೋಗಿಗಳು ಅವಳನ್ನು ನಿದ್ದೆ ಮೇಡಂ ಅನ್ನುತ್ತಿದ್ದರು. ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ಗೋಡೆಯಲ್ಲಿ ಗಡಿಯಾರ ತೆಗೆದ ಗುರುತು, ಬರೀ ಮೊಳೆ.

"ಹೇಳಿ, ಏನಾಗ್ಬೇಕು ಅಂತ ಬಂದಿದೀರಾ?"

"ಆದಷ್ಟು ಬೇಗ ಮೇಲೆ ಹೋಗ್ಬೇಕು ಮೇಡಂ. ಇನ್ನೇನೂ ಆಸೆ ಇಲ್ಲ."

ಅವಳ ಪೆನ್ನು ನಿಂತಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. "ಈ ಯೋಚನೆ ಯಾವಾಗಿಂದ ಬರ್ತಿದೆ?"

"ಕೆಳಗಿಳಿಸಿದಾಗಿಂದ."

"ಮನೇಲಿ ಯಾರಿಗಾದ್ರೂ ಹೇಳಿದೀರಾ?"

"ಎಲ್ಲರಿಗೂ ಗೊತ್ತು. ನಮ್ಮ ಭಾವಮೈದ ಅಂತೂ ದಿನಾ ಕೇಳ್ತಾನೆ, ಭಾವ ಯಾವತ್ತು ಮೇಲೆ ಹೋಗ್ತೀರಿ ಅಂತ."

"ಅಯ್ಯೋ ಮೇಡಂ, ಕ್ರೇನು!" ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. "ಕ್ರೇನಿನ ಮೇಲೆ! ಇವರ ಬಾಯಿಗೆ ಮಣ್ಣು ಹಾಕ!"

ನಿದ್ದೆ ಮೇಡಂ ಉಸಿರುಬಿಟ್ಟು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿದಳು. ಆಮೇಲೆ ವಿಷಯಕ್ಕೆ ಬಂದಳು. ಎಷ್ಟು ಹೊತ್ತು ಹಾಸಿಗೆಯಲ್ಲಿರುತ್ತೀರಿ, ಅದರಲ್ಲಿ ನಿಜವಾಗಿ ನಿದ್ದೆ ಎಷ್ಟು ಎಂದು ಕೇಳಿ, ಹೆಂಡತಿಯ ಕಡೆ ತಿರುಗಿದಳು.

"ಐದು ಗಂಟೆ ನಿದ್ದೆನ ಹನ್ನೊಂದು ಗಂಟೆ ಮೇಲೆ ಎಳೆದು ಹೊದಿಸ್ತಿದೀರಾ. ಹರಿದೇ ಹರಿಯುತ್ತೆ. ಬಟ್ಟೆ ಎಷ್ಟಿದೆಯೋ ಅಷ್ಟಕ್ಕೇ ಹೊಲೀಬೇಕು ತಾನೇ? ಮೊದ್ಲು ಐದೂವರೆ ಗಂಟೆಗೆ ಗಟ್ಟಿಯಾಗಿ ಹೊಲಿಯೋಣ. ಆಮೇಲೆ ಅಗಲ ಮಾಡೋಣ."

ಹೊಲಿಯುವವಳಿಗೆ ಆ ಮಾತು ಒಪ್ಪಿಗೆಯಾಯಿತು.

"ಇನ್ನೊಂದು. ಹಾಸಿಗೆ ಇರೋದು ಎರಡೇ ಕೆಲಸಕ್ಕೆ. ಒಂದು ನಿದ್ದೆ, ಇನ್ನೊಂದು ಗಂಡ ಹೆಂಡ್ತಿದು. ಟೀವಿ, ಫೋನು, ಚಿಂತೆ, ಯಾವುದಕ್ಕೂ ಅಲ್ಲ."

"ಎರಡನೇದಕ್ಕೆ ಸೂಜಿ ಚುಚ್ಚಿದ್ರಿ. ಮೊದಲನೇದು ತಾನಾಗೇ ಹೋಯ್ತು" ಎಂದ ಮೇಲಿನವನು. "ಹಾಗಿದ್ರೆ ಮಂಚ ಮಾರಿಬಿಡ್ಲಾ?"

ಹೆಂಡತಿ ಅವನ ತೊಡೆ ಚಿವುಟಿದಳು. ಮೇಡಂ ಮಾತ್ರ ಜೋರಾಗಿ ನಕ್ಕಳು. "ಮಾರ್ಬೇಡಿ. ಸದ್ಯಕ್ಕೆ ಬಾಗಿಲು ಹಾಕಿಡೋಣ. ರಾತ್ರಿ ಹನ್ನೆರಡರ ತನಕ ಮಲಗ್ಬೇಡಿ. ಬೆಳಿಗ್ಗೆ ಐದೂವರೆಗೆ ಎದ್ದುಬಿಡಿ, ನಿದ್ದೆ ಬಂದಿರ್ಲಿ, ಬಿಟ್ಟಿರ್ಲಿ. ಮಧ್ಯಾಹ್ನ ಮಲಗ್ಬೇಡಿ. ಮೊದ್ಲು ಕೆಲವು ದಿನ ತುಂಬಾ ತೂಕಡಿಕೆ ಬರುತ್ತೆ. ಕ್ರೇನು, ಸ್ಕೂಟರು ಎರಡೂ ಮುಟ್ಬೇಡಿ."

ದಾರಿಯುದ್ದಕ್ಕೂ ಹೆಂಡತಿ ಗೊಣಗಿದಳು. ನಿದ್ದೆಯಿಲ್ಲದವನಿಗೆ ನಿದ್ದೆ ಮಾಡಬೇಡ ಅನ್ನುವುದೂ ಒಂದು ವೈದ್ಯವೇ? ಹಸಿದವನಿಗೆ ಉಪವಾಸ ಹೇಳಿದ ಹಾಗೆ. ಆದರೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು ಅವಳು. ರಾತ್ರಿ ಎಂಟಕ್ಕೆ ಎಂದಿನಂತೆ ಹಾಸಿಗೆ ಕೊಡವಿ ಅವನನ್ನು ಉರುಳಿಸಿದಳು.

"ಮಲಗ್ಬೇಡಿ ಅಂದಿದಾರಲ್ಲೇ."

"ನಿದ್ದೆ ಮಾಡ್ಬೇಡಿ ಅಂದಿದಾರೆ. ಮೈ ಚಾಚಿದ್ರೆ ಏನಂತೆ? ರೇಡಿಯೇಷನ್ ತಗೊಂಡಿರೋ ಮೈ. ಸುಮ್ನೆ ಬಿದ್ಕೊಂಡಿರಿ, ಕಣ್ಣು ಮಾತ್ರ ಮುಚ್ಚಕೂಡದು."

ಅವನಿಗೂ ಅದೇ ಸರಿ ಅನ್ನಿಸಿತು. ಮಲಗುವುದು ಅಂದರೆ ನಿದ್ದೆ ಮಾಡುವುದೇ ತಾನೇ. ಅವನು ಅಂಗಾತ ಬಿದ್ದುಕೊಂಡು ಛಾವಣಿ ನೋಡಿದ. ಅವಳು ಬಟ್ಟೆ ಅಳೆಯುವ ಮರದ ಸ್ಕೇಲು ಹಿಡಿದು ಪಕ್ಕದಲ್ಲಿ ಕಾವಲು ಕೂತಳು.

ವಿಚಿತ್ರವೆಂದರೆ ಒಂಬತ್ತಾಗುವಷ್ಟರಲ್ಲಿ ಅವನ ರೆಪ್ಪೆ ಎಳೆಯತೊಡಗಿತು. ಸ್ಕೇಲು ಪಕ್ಕೆಗೆ ತಿವಿಯಿತು. ಅವನು ಬೆಚ್ಚಿ ಕಣ್ಣು ಬಿಟ್ಟ. ಮತ್ತೆ ಎಳೆಯಿತು, ಮತ್ತೆ ತಿವಿತ. ಮೂರನೆಯ ದಿನ ಅಕ್ಕನ ಅವಸ್ಥೆ ನೋಡಲಾಗದೆ ಭಾವಮೈದುನ ಪಾಳಿಗೆ ಬಂದ. "ನೀನು ಹೋಗಿ ಒರಗ್ಕೋ ಅಕ್ಕ, ಭಾವನ್ನ ನಾನು ನೋಡ್ಕೋತೀನಿ." ಅವನು ಸ್ಕೇಲು ಮುಟ್ಟಲಿಲ್ಲ. ಗೋದಾಮಿನ ಸೀಟಿ ತಂದಿದ್ದ. ಭಾವನ ಕಣ್ಣು ಮುಚ್ಚಿದೊಡನೆ ಊದಿದ. ಮೇಲಿನವನು ಚೀರಿ ಎದ್ದು ಕೂತ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಜಗಳಕ್ಕೆ ಅವರಿಗೂ ಒಂದು ದಿನ ಬೇಕಾಗಿತ್ತು.

ಹನ್ನೆರಡಾದಾಗ ಹೆಂಡತಿ ದೀಪ ಆರಿಸಿ, "ಹೂಂ, ಈಗ ಮಾಡಿ" ಅನ್ನುತ್ತಿದ್ದಳು. ಅಷ್ಟು ಹೊತ್ತು ತಿವಿಸಿಕೊಂಡ ನಿದ್ದೆ ಮುನಿಸಿಕೊಂಡು ಎತ್ತಲೋ ಹೋಗಿರುತ್ತಿತ್ತು. ಬಿಸಿ ಮಾತ್ರ ಬರುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಇಬ್ಬರಿಗೂ ಕಣ್ಣು ಕೆಂಪು. ಅವಳು ಒಂದು ಅಂಗಿಗೆ ಎರಡೂ ತೋಳು ಎಡಗಡೆಯವೇ ಹೊಲಿದಿದ್ದಳು. ಅವನು ಗೇಟಿನಲ್ಲಿ ಖಾಲಿ ಲಾರಿಗೆ ತುಂಬಿದ ಲಾರಿಯ ಚೀಟಿ ಕೊಟ್ಟಿದ್ದ. ಅದನ್ನು ನೋಡಿದ ಮ್ಯಾನೇಜರಮ್ಮ, "ಸೋಮವಾರ ಒಬ್ಬನ್ನ ನೋಡೋಕೆ ಕರೆದಿದೀನಿ" ಎಂದಷ್ಟೇ ಹೇಳಿದಳು.

"ಆ ನಿದ್ದೆ ಮೇಡಂ ನಿಮ್ಮನ್ನ ಸಾಯಿಸ್ತಾಳೆ ಭಾವ" ಎಂದ ಭಾವಮೈದುನ. "ನಿದ್ದೆ ಕೆಟ್ರೆ ಕ್ಯಾನ್ಸರ್ ತಿರುಗಿ ಬರುತ್ತಂತೆ."

ಮೇಲಿನವನು ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದದ್ದು ಮೇಡಮ್ಮಿಗೆ ಎರಡು ಮಾತು ಬೈದು ಬರಲೆಂದೇ. ಕುರ್ಚಿಯ ಮೇಲೂ ಕೂರಲಿಲ್ಲ.

"ನೀವು ಹೇಳಿದ ಹಾಗೇ ಮಾಡ್ದೆ. ಹನ್ನೆರಡರ ತನಕ ಒಂದು ದಿನಾನೂ ಮಲಗಲಿಲ್ಲ. ಇದ್ದ ನಿದ್ದೇನೂ ಹೋಯ್ತು."

"ಹನ್ನೆರಡರ ತನಕ ಎಲ್ಲಿ ಕೂತಿದ್ರಿ? ಏನ್ ಮಾಡ್ತಿದ್ರಿ?"

"ಕೂರೋದೆಲ್ಲಿ ಬಂತು? ಹಾಸಿಗೇಲೇ ಇದ್ದೆ."

"ಹಾಸಿಗೇಲಿ?"

"ಬಿದ್ಕೊಂಡಿದ್ದೆ. ಕಣ್ಣು ಮಾತ್ರ ಮುಚ್ಚಲಿಲ್ಲ. ಮುಚ್ಚಿದಾಗೆಲ್ಲಾ ಇವಳು ಸ್ಕೇಲಲ್ಲಿ ತಿವಿದ್ಲು." ಅಂಗಿ ಎತ್ತಿ ಪಕ್ಕೆ ತೋರಿಸಿದ. "ಇವಳ ತಮ್ಮ ಸೀಟಿ ಹೊಡೆದ."

ನಿದ್ದೆ ಮೇಡಂ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಹೆಂಡತಿಗೆ ಗಾಬರಿಯಾಯಿತು. ಕೈ ತೆಗೆದಾಗ ನಗು.

"ತಪ್ಪು ನಂದು. ಮಲಗ್ಬೇಡಿ ಅಂದ್ರೆ, ಹಾಸಿಗೆಗೆ ಹೋಗ್ಬೇಡಿ ಅಂತ. ಬೆನ್ನೇ ತಾಗಿಸ್ಬೇಡಿ ಅಂತ. ನೀವು ನಿದ್ದೆ ಮಾಡ್ಬೇಡಿ ಅಂತ ಅಂದ್ಕೊಂಡ್ರಾ?"

"ಎರಡೂ ಒಂದೇ ಅಲ್ವಾ ಮೇಡಂ?" ಎಂದಳು ಹೆಂಡತಿ.

"ಎಲ್ಲರ ಬಾಯಲ್ಲೂ ಒಂದೇ. ಇವರ ಮೈಯಲ್ಲಿ ಮಾತ್ರ ಬೇರೆ ಬೇರೆ ಆಗಿದೆ. ಅದನ್ನ ಒಂದು ಮಾಡೋಕೇ ಇಷ್ಟೆಲ್ಲಾ. ಹಾಸಿಗೆ ಕಂಡ ತಕ್ಷಣ ಇವರ ಮೈಗೆ ಎಚ್ಚರ ಆಗೋದು ಅಭ್ಯಾಸ ಆಗಿದೆ." ಅವಳು ಅವನ ಕಡೆ ತಿರುಗಿದಳು. "ಒಂದ್ ನಿಮಿಷ. ಎಷ್ಟು ಸಲ ತಿವಿದ್ರು?"

"ಲೆಕ್ಕ ಇಟ್ಟೋರು ಯಾರು? ರಾತ್ರಿಯೆಲ್ಲಾ."

"ಅಂದ್ರೆ ಅಷ್ಟು ಸಲ ನಿದ್ದೆ ಬಂತು."

ಮೇಲಿನವನು ಎತ್ತಿದ ಅಂಗಿಯನ್ನು ಕೆಳಗೆ ಬಿಟ್ಟ.

"ನಿದ್ದೆ ಬೇಡ ಅಂತ ನೀವು ಹಟ ಹಿಡಿದ್ರಿ, ಅದು ಬಂದು ಬಂದು ಬಾಗಿಲು ತಟ್ತು. ಇಲ್ದೇ ಇರೋದನ್ನ ಯಾರಾದ್ರೂ ಸ್ಕೇಲಲ್ಲಿ ತಿವಿದು ಓಡಿಸ್ತಾರಾ?"

ಅವನು ಕುರ್ಚಿಯಲ್ಲಿ ಕೂತ. "ಸೂಜಿ ಅದನ್ನೂ ಕೊಂದುಹಾಕ್ತು ಅಂದ್ಕೊಂಡಿದ್ದೆ" ಎಂದ. ಹೆಂಡತಿ ಅವನ ಮುಖ ನೋಡಿದಳು. ಈ ಮಾತು ಅವಳು ಕೇಳಿದ್ದು ಅದೇ ಮೊದಲು.

"ಸೂಜಿಯಿಂದ ಬಿಸಿ ಬರುತ್ತೆ, ಎಚ್ಚರ ಆಗುತ್ತೆ. ಅದು ನಿಜ. ಎಚ್ಚರ ಆದ್ಮೇಲೆ ವಾಪಸ್ ನಿದ್ದೆಗೆ ಹೋಗೋ ದಾರಿ ಮುಚ್ಚಿರೋದು ಸೂಜಿ ಅಲ್ಲ. ಎಚ್ಚರ ಆದಾಗ ಏನ್ ಯೋಚ್ನೆ ಮಾಡ್ತೀರಾ?"

"ನಿದ್ದೆ ಕೆಟ್ರೆ ಕ್ಯಾನ್ಸರ್ ತಿರುಗಿ ಬರುತ್ತೆ ಅಂತ."

"ಹಾಗಂತ ಯಾರ್ ಹೇಳಿದ್ರು?"

"ನಮ್ ಭಾವಮೈದ."

"ಅವರು ಡಾಕ್ಟ್ರಾ?"

"ಸೀಟಿ ಊದ್ತಾನೆ."

"ಹಾಗಿದ್ರೆ ಅವರು ಊದ್ಲಿ. ನೀವು ನಿಮ್ಮ ಡಾಕ್ಟ್ರನ್ನ ಕೇಳಿ."

ಅಂದಿನಿಂದ ಹಾಸಿಗೆಯ ಕೋಣೆಗೆ ಹನ್ನೆರಡರವರೆಗೆ ಚಿಲಕ ಬಿತ್ತು. ಅಷ್ಟು ಹೊತ್ತು ಮಾಡುವುದೇನು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಹೆಂಡತಿ ಮಶೀನಿನ ಮೇಲಿನ ಬಟ್ಟೆ ತೆಗೆದು ಹೊಲಿಯತೊಡಗಿದಳು. ಅವನಿಗೆ ಗುಂಡಿ ಹಾಕುವುದನ್ನು ಕಲಿಸಿದಳು. ಕೊಕ್ಕೆಯ ತುದಿಯನ್ನು ಕೂದಲೆಳೆಯಷ್ಟು ಸರಿಸಬಲ್ಲ ಕೈಗೆ ಸೂಜಿಯ ಕಣ್ಣಿಗೆ ದಾರ ಹಾಕಲು ಬರಲಿಲ್ಲ. "ಟನ್ನುಗಟ್ಟಲೆ ಎತ್ತೋರು, ಒಂದು ಗುಂಡಿ ಎತ್ತೋಕಾಗಲ್ವಾ?" ಎಂದು ಅವಳು ಕಾಡಿದಳು. ಭಾವಮೈದುನ ಇಸ್ಪೀಟು ತಂದು ರಾಜಾರೋಷವಾಗಿ ಮೋಸ ಮಾಡಿದ. ಸದ್ದಿಲ್ಲದೆ ಸತ್ತಂತಿದ್ದ ಮನೆಯಲ್ಲಿ ಮತ್ತೆ ಬೈಗುಳ ಕೇಳಿಸಿತು. ನೀರು ಕುಡಿಯುವುದೆಲ್ಲ ಹಗಲಿಗೆ ಹೋಯಿತು, ಸಂಜೆಯ ಚಹಾ ನಿಂತಿತು. ದಪ್ಪ ಹೊದಿಕೆ ಹೋಗಿ ಎರಡು ತೆಳು ಹತ್ತಿಯ ಹೊದಿಕೆ ಬಂದವು. ಬಿಸಿ ಬಂದರೆ ಒಂದನ್ನು ಒದ್ದು ಇನ್ನೊಂದನ್ನು ಎಳೆದುಕೊಳ್ಳುವುದು. ಗಡಿಯಾರ ಅಡುಗೆಮನೆಗೆ ವರ್ಗವಾಯಿತು. ಹೊರಳಾಟ ಶುರುವಾದರೆ ಎದ್ದು ನಡುಮನೆಯ ಕುರ್ಚಿಗೆ ಬರಬೇಕು, ರೆಪ್ಪೆ ತಾನಾಗಿ ಎಳೆದಾಗ ಮಾತ್ರ ವಾಪಸು ಹೋಗಬೇಕು.

ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೊದಲ ದಿನಗಳಲ್ಲಿ ಅವನಿಗೆ ಗೇಟಿನ ಕಂಬವನ್ನೂ ತಬ್ಬಿಕೊಂಡು ನಿದ್ದೆ ಹೋಗುವ ಆಸೆಯಾಗುತ್ತಿತ್ತು. ಕೂತರೆ ಕೆಟ್ಟೆ ಎಂದು ಹಗಲೆಲ್ಲ ನಿಂತೇ ಚೀಟಿ ಹರಿದ. ಯಾರು ಮಾತಾಡಿಸಿದರೂ ಸಿಡುಕಿದ. ಸೋಮವಾರ ಬಂದ ಹೊಸಬ ಕ್ರೇನು ಹತ್ತಿ ಇಳಿದು, ಯೋಚಿಸಿ ಹೇಳುತ್ತೇನೆ ಎಂದು ಹೋದ. ಅವನು ಯೋಚಿಸುತ್ತಿರುವಷ್ಟು ದಿನ ಮೇಲಿನವನಿಗೆ ಅನ್ನ ಇಳಿಯಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಲಾರಂ ಹೊಡೆಯಿತು. ಎಷ್ಟು ಹೊತ್ತಿನಿಂದ ಹೊಡೆಯುತ್ತಿತ್ತೋ. ಹೆಂಡತಿ ಬಂದು ಭುಜ ಹಿಡಿದು ಅಲ್ಲಾಡಿಸಿದಳು. "ರೀ, ಏಳ್ರೀ, ಎಷ್ಟು ಕೂಗೋದು?" ಅವನು ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದೆ ಅವಳನ್ನೇ ನೋಡಿದ. ಅಲಾರಂ ತನ್ನನ್ನು ಎಬ್ಬಿಸಲಾರದೆ ಸೋತಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಇನ್ನೊಂದು ಐದು ನಿಮಿಷ ಕಣೇ" ಎಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಆಚೆ ಹೋದಳು. ಐದು ನಿಮಿಷ ಕೊಡಲಿಲ್ಲ.

ನಿದ್ದೆ ಮೇಡಂ ಹೇಳಿದಂತೆ ಹೊಲಿಗೆ ಗಟ್ಟಿಯಾದ ಹಾಗೆ ಅಗಲ ಮಾಡಿದರು. ಹನ್ನೆರಡು ಹನ್ನೊಂದೂಮುಕ್ಕಾಲಾಯಿತು, ಹನ್ನೊಂದೂವರೆಯಾಯಿತು, ಕೊನೆಗೆ ಹನ್ನೊಂದಕ್ಕೆ ಬಂದು ನಿಂತಿತು. ಬಿಸಿ ನಿಲ್ಲಲಿಲ್ಲ, ಮೂತ್ರಕ್ಕೆ ಏಳುವುದೂ ನಿಲ್ಲಲಿಲ್ಲ. ಎದ್ದವನು ಒರೆಸಿಕೊಂಡು, ಹೋಗಿ ಬಂದು, ಮತ್ತೆ ನಿದ್ದೆ ಹೋಗುತ್ತಿದ್ದ ಅಷ್ಟೇ. ಆ ಅಷ್ಟೇ ಎಂಬುದಕ್ಕಾಗಿ ಅವನು ಒಂದು ವರ್ಷ ಬಾಯಿಬಾಯಿ ಬಿಟ್ಟಿದ್ದ.

ಎರಡು ತಿಂಗಳು ಮುಗಿಯುವ ಮೊದಲೇ ಮ್ಯಾನೇಜರಮ್ಮ ಕರೆದಳು. ಹೊಸಬ ಬೇರೆ ಕಡೆ ಸೇರಿಕೊಂಡಿದ್ದ. ನಿದ್ದೆ ಮೇಡಂ ಮೇಲೇರಬಹುದೆಂದು ಬರೆದುಕೊಟ್ಟಿದ್ದಳು. ಕೀ ಮೇಜಿನ ಮೇಲಿತ್ತು. ಬಾಗಿಲಲ್ಲಿ ಭಾವಮೈದುನ ಕೊರಳಿಗೆ ಸೀಟಿ ಹಾಕಿಕೊಂಡು ಕುಣಿಯುವುದೊಂದು ಬಾಕಿ.

"ಹೇಗಿದೀರಾ? ಹತ್ತುತೀರಾ?"

ಹಿಂದಿನ ರಾತ್ರಿ ಚೆನ್ನಾಗಿರಲಿಲ್ಲ. ಮೇಲಿಂದ ಮೇಲೆ ಬಿಸಿ ಬಂದು, ಬಹಳ ಹೊತ್ತು ನಡುಮನೆಯ ಕುರ್ಚಿಯಲ್ಲೇ ಕಳೆದಿದ್ದ. ಕಣ್ಣಿನ ಹಿಂದೆ ಮರಳು ಇದ್ದಂತಿತ್ತು. ಅವನು ಕೀಯನ್ನೇ ನೋಡಿದ. ಕೈ ಚಾಚಿದರೆ ಸಿಗುತ್ತಿತ್ತು.

"ಇವತ್ತು ಬೇಡ ಮೇಡಂ. ನಾಳೆ ಹತ್ತುತೀನಿ."

"ಭಾವ!" ಬಾಗಿಲಲ್ಲಿದ್ದವನು ಚೀರಿದ. "ತಲೆ ಕೆಟ್ಟಿದ್ಯಾ?"

"ನಿನ್ನೆ ನಿದ್ದೆ ಸರಿ ಆಗ್ಲಿಲ್ಲ" ಎಂದ ಮೇಲಿನವನು ಮ್ಯಾನೇಜರಮ್ಮನಿಗೇ. "ಕೆಳಗೆ ನಿಂತ್ಕೊಳ್ಳೋನು ಇವನೇ. ಇವನ ತಲೆ ಮೇಲೇ ತಾನೇ ನಾನು ಕಟ್ಟು ತರೋದು."

ಭಾವಮೈದುನ ಕೊರಳ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟ.

ಮ್ಯಾನೇಜರಮ್ಮ ಅವನನ್ನು ದಿಟ್ಟಿಸಿದಳು. "ಮೊದ್ಲೆಲ್ಲಾ ಕೇಳಿದ್ರೆ ನಿದ್ದೆ ಮಾಡ್ತೀನಿ ಮಾಡ್ತೀನಿ ಅಂತಿದ್ರಿ."

"ಆಗ ಹೆದರಿಕೆ ಇತ್ತು."

"ಈಗ?"

ಅವನು ಯೋಚಿಸಿದ. "ಒಂದು ರಾತ್ರಿ ಕೆಟ್ರೆ ಒಂದು ರಾತ್ರಿ ಕೆಡ್ತು ಅಷ್ಟೇ ಮೇಡಂ. ಮಾರನೇ ರಾತ್ರಿ ಬರುತ್ತೆ."

ಹೇಳಿದ ಮೇಲೆ ತನ್ನ ಮಾತನ್ನು ತಾನೇ ನಂಬಿದ್ದೇನೆ ಎಂದು ಅವನಿಗೆ ತಿಳಿಯಿತು.

"ನಾಳೆ ಏಳಕ್ಕೆ" ಎಂದಳು ಅವಳು. "ಹೀಗೆ ಹೇಳೋದಾದ್ರೆ ದಿನಾ ಬೆಳಿಗ್ಗೆ ಕೇಳ್ತೀನಿ. ಬೇಡ ಅಂದ ದಿನ ಗೇಟು."

ಮರುದಿನ ಅವನು ಏಣಿ ಹತ್ತಿದ. ಮಂಡಿ ಸ್ವಲ್ಪ ಕಟಕಟ ಎಂದಿತು. ಗೂಡಿನ ಗಾಜಿನ ಮೇಲೆ ಬೆರಳು ದಪ್ಪ ಧೂಳು ಕೂತಿತ್ತು. ಒರೆಸಿದ. ಕೆಳಗೆ ಭಾವಮೈದುನ ಕೈ ಎತ್ತಿ ನಿಧಾನಕ್ಕೆ, ನಿಧಾನಕ್ಕೆ ಎಂದು ಸನ್ನೆ ಮಾಡಿದ. ಕಟ್ಟು ನೆಲ ಬಿಟ್ಟು ಎದ್ದಿತು, ತೂಗಾಡಲಿಲ್ಲ. ಅದನ್ನು ಸಾಲಿನ ಕೊನೆಯವರೆಗೆ ಸಾಗಿಸಿ, ಮರದ ದಿಮ್ಮಿಗಳ ಮೇಲೆ ಇಳಿಸಿದ. ಸದ್ದೇ ಆಗಲಿಲ್ಲ.

ಊಟದ ಹೊತ್ತಿಗೆ ಹೆಂಡತಿಯ ಫೋನು ಬಂತು.

"ಏನಾಯ್ತು?"

"ಇಳಿಸ್ದೆ."

"ಎಲ್ಲಿ?"

"ಎಲ್ಲಿ ಇಳಿಸ್ಬೇಕೋ ಅಲ್ಲಿ."

ಆ ಕಡೆ ಸ್ವಲ್ಪ ಹೊತ್ತು ಮಶೀನಿನ ಸದ್ದು ನಿಂತಿತ್ತು. "ಸರಿ, ಊಟ ಮಾಡಿ" ಎಂದಳು. ಮಶೀನು ಮತ್ತೆ ಶುರುವಾಯಿತು.